ಕೆಳಂತಸ್ತಿನವರು ಮಾರದ ಗುಟ್ಟು

ರಾಬರ್ಟ್ ಆಲ್ಟ್‌ಮನ್ ನಿರ್ದೇಶಿಸಿ 2001ರಲ್ಲಿ ತೆರೆಕಂಡ ‘ಗಾಸ್‌ಫರ್ಡ್ ಪಾರ್ಕ್’ ಚಿತ್ರದ ಕಥೆ 1932ರ ನವೆಂಬರಿನಲ್ಲಿ, ಇಂಗ್ಲೆಂಡಿನ ಹಳ್ಳಿಗಾಡಿನ ಸಿರಿವಂತ ಬಂಗಲೆಯೊಂದರಲ್ಲಿ ನಡೆಯುತ್ತದೆ. ಬೇಟೆಯ ನೆಪದಲ್ಲಿ ನೆಂಟರಿಷ್ಟರು ನೆರೆದಿರುವಾಗ ಮನೆಯೊಡೆಯ ಸರ್ ವಿಲಿಯಂ ಮೆಕಾರ್ಡಲ್ ತನ್ನ ಗ್ರಂಥಾಲಯದಲ್ಲೇ ಕೊಲೆಯಾಗುತ್ತಾನೆ. ಜೂಲಿಯನ್ ಫೆಲೋಸ್ ಬರೆದ, ಆಸ್ಕರ್ ಗೆದ್ದ ಈ ಚಿತ್ರಕಥೆಗೆ ಕೊಲೆಗಾರರ ಪತ್ತೆಗಿಂತಲೂ ಮುಖ್ಯವಾದುದು, ಮನೆಯ ಗುಟ್ಟುಗಳನ್ನು ಬಲ್ಲವರು ಯಾರು, ಅವುಗಳಿಂದ ಲಾಭ ಮಾಡಿಕೊಳ್ಳಲು ಹೊರಡುವವರು ಯಾರು ಎಂಬ ಪ್ರಶ್ನೆ.

ಬಂಗಲೆಯ ಮೇಲಂತಸ್ತು ಒಡೆಯರದು, ಕೆಳಂತಸ್ತು ಆಳುಕಾಳುಗಳದು. ಅತಿಥಿಗಳ ಜೊತೆ ಬಂದ ಸೇವಕರನ್ನು ಅಲ್ಲಿ ಅವರವರ ಒಡೆಯರ ಹೆಸರಿನಿಂದಲೇ ಕರೆಯುತ್ತಾರೆ. ಊಟದ ಮೇಜಿನಲ್ಲಿ ಅವರು ಕೂರುವ ಸಾಲು ಕೂಡ ಒಡೆಯರ ಅಂತಸ್ತಿನಂತೆಯೇ ನಿಗದಿಯಾಗುತ್ತದೆ. ಚಿತ್ರದ ಆರಂಭದಲ್ಲಿ ಕಾರಿನೊಳಗೆ ಬೆಚ್ಚಗೆ ಕುಳಿತ ಕೌಂಟೆಸ್ ಟ್ರೆಂಥಮ್‌ಗೆ ಫ್ಲಾಸ್ಕಿನ ಮುಚ್ಚಳ ತೆರೆದುಕೊಡಲೆಂದು ಸೇವಕಿ ಮೇರಿ ಸುರಿವ ಮಳೆಯಲ್ಲಿ ತೋಯುತ್ತಾ ನಿಲ್ಲುತ್ತಾಳೆ. ಒಂದೂ ಬಿರುನುಡಿಯಿಲ್ಲದ ಆ ದೃಶ್ಯ ವರ್ಗಭೇದವನ್ನು ಕಟ್ಟಿಕೊಡುವಷ್ಟು ನಿಖರವಾಗಿ ಯಾವ ಸಂಭಾಷಣೆಯೂ ಕಟ್ಟಿಕೊಡಲಾರದು.

ಬ್ಲ್ಯಾಕ್‌ಮೇಲ್, ಅಂದರೆ ಗುಟ್ಟನ್ನು ಬಯಲು ಮಾಡುವುದಾಗಿ ಬೆದರಿಸಿ ಕೆಲಸ ಸಾಧಿಸಿಕೊಳ್ಳುವ ದಂಧೆ, ಇಲ್ಲಿ ಮೇಲಂತಸ್ತಿನದು. ಹಣದ ಅಡಚಣೆಯಲ್ಲಿರುವ ಫ್ರೆಡಿ ನೆಸ್ಬಿಟ್, ತಂದೆಗೆ ಹೇಳಿ ನೌಕರಿ ಕೊಡಿಸಬೇಕೆಂದು ಸರ್ ವಿಲಿಯಂನ ಮಗಳು ಇಸೊಬೆಲ್‌ಳನ್ನು ಅವಳ ಗುಟ್ಟನ್ನೇ ಹಿಡಿದು ಪೀಡಿಸುತ್ತಾನೆ. ಹಾಸಿಗೆ ಹಾಸಿ, ಬಟ್ಟೆ ತೊಡಿಸಿ, ಊಟ ಬಡಿಸಿ ಇಡೀ ಮನೆಯ ಒಳಗನ್ನು ಬಲ್ಲ ಸೇವಕರಾದರೋ ತಾವು ಕಂಡದ್ದನ್ನು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಾರೆಯೇ ಹೊರತು ಅದಕ್ಕೆ ಬೆಲೆ ಕಟ್ಟುವುದಿಲ್ಲ. ಒಡೆಯನ ಪ್ರೇಯಸಿಯೂ ಆಗಿದ್ದ ಕೆಲಸದಾಕೆ ಎಲ್ಸಿ ಊಟದ ವೇಳೆ ಅವನ ಪರವಾಗಿ ಒಂದು ಮಾತಾಡಿಬಿಟ್ಟದ್ದಕ್ಕೇ ಕೆಲಸ ಕಳೆದುಕೊಳ್ಳುತ್ತಾಳೆ. ಬೆದರಿಸಿದ ಫ್ರೆಡಿ ಮಾತ್ರ ಅತಿಥಿಯಾಗಿಯೇ ಉಳಿಯುತ್ತಾನೆ.

ತನಿಖೆಗೆ ಬರುವ ಇನ್‌ಸ್ಪೆಕ್ಟರ್ ಥಾಂಪ್ಸನ್, ಸತ್ತವನೊಂದಿಗೆ ನಿಜವಾದ ಸಂಬಂಧವಿದ್ದವರನ್ನಷ್ಟೇ ವಿಚಾರಿಸಿದರೆ ಸಾಕೆಂದು ಭಾವಿಸಿ ಸೇವಕರನ್ನು ಬದಿಗಿಡುತ್ತಾನೆ. ಉತ್ತರವಿರುವುದೋ ಅವನು ಕಣ್ಣೆತ್ತಿ ನೋಡದ ಆ ಕಡೆಯಲ್ಲೇ. ಸರ್ ವಿಲಿಯಂ ತನ್ನ ಕಾರ್ಖಾನೆಗಳ ಹೆಣ್ಣುಮಕ್ಕಳನ್ನು ಬಸಿರಾಗಿಸಿ, ಹುಟ್ಟಿದ ಕೂಸುಗಳನ್ನು ಒಳ್ಳೆಯ ಮನೆಗಳಿಗೆ ದತ್ತು ಕೊಡುವುದಾಗಿ ನಂಬಿಸಿ ಅನಾಥಾಲಯಕ್ಕೆ ತಳ್ಳಿದವನು. ಹಾಗೆ ಮಗನನ್ನು ಕಳೆದುಕೊಂಡವಳು ಈಗ ಅದೇ ಮನೆಯ ಉಸ್ತುವಾರಿ ಹೊತ್ತ ಮಿಸೆಸ್ ವಿಲ್ಸನ್. ಆ ಮಗ, ಅತಿಥಿಯೊಬ್ಬರ ಸೇವಕನಾಗಿ ಬಂದಿಳಿದ ರಾಬರ್ಟ್ ಪಾರ್ಕ್ಸ್. ಅವನು ತಂದೆಯನ್ನು ಕೊಲ್ಲಲು ಬಂದಿದ್ದಾನೆಂದು ಅರಿತ ತಾಯಿ, ಅವನು ಚೂರಿ ಎತ್ತುವ ಮೊದಲೇ ತಾನು ವಿಷವುಣಿಸುತ್ತಾಳೆ. ಹೀಗಾಗಿ ಮಗ ಇರಿದದ್ದು ಹೆಣವನ್ನು. ಒಡೆಯರಿಗೆ ಬೇಕಾದುದನ್ನು ಅವರು ಕೇಳುವ ಮೊದಲೇ ಊಹಿಸುವುದು ಒಳ್ಳೆಯ ಸೇವಕಿಯ ಲಕ್ಷಣವೆಂದು ಜೀವಮಾನವೆಲ್ಲ ಕಲಿತವಳು, ಆ ವಿದ್ಯೆಯನ್ನು ಒಮ್ಮೆ ತನ್ನ ಮಗುವಿಗಾಗಿ ಬಳಸಿಕೊಳ್ಳುವುದನ್ನು ಹೆಲೆನ್ ಮಿರೆನ್ ಅಭಿನಯಿಸಿರುವ ರೀತಿ ಇಂಥ ಚಿತ್ರಗಳಲ್ಲಿ ಅಪರೂಪದ್ದು.

ಇಷ್ಟನ್ನೂ ಬಿಡಿಸಿ ತಿಳಿದುಕೊಳ್ಳುವವಳು ಮೇರಿಯೇ ಹೊರತು ಪೊಲೀಸರಲ್ಲ. ತಿಳಿದದ್ದನ್ನು ಅವಳು ಕೌಂಟೆಸ್‌ಗಾಗಲಿ ಇನ್‌ಸ್ಪೆಕ್ಟರಿಗಾಗಲಿ ಹೇಳುವುದಿಲ್ಲ.