ಕುದುರೆ ಲಾಯದ ಬಕೀಟು ಮೊದಲಾದ ಉಪಕರಣಗಳ ಬಾಳಿಕೆ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ., ಬರೆದುದು)

ಕುದುರೆಯನ್ನು ಕೊಳ್ಳುವಾಗ ಅದರ ಸುಳಿ, ಹಲ್ಲು, ಗೊರಸು, ನಡಿಗೆ ಇವೆಲ್ಲವನ್ನೂ ನಾಲ್ಕು ಜನರಿಂದ ಪರೀಕ್ಷೆ ಮಾಡಿಸುವುದು ವಾಡಿಕೆ. ಅದೇ ಕುದುರೆಗೆ ನೀರಿಡುವ ಬಕೀಟನ್ನು ಕೊಳ್ಳುವಾಗ ಬೆಲೆಯೊಂದನ್ನು ಬಿಟ್ಟು ಬೇರೆ ಏನನ್ನೂ ಯಾರೂ ವಿಚಾರಿಸುವುದಿಲ್ಲ. ಕೊಂಡ ಮೇಲಂತೂ ಅದರ ಕಡೆ ನೋಡುವವರೇ ಇಲ್ಲ. ಈ ಅಲಕ್ಷ್ಯದಿಂದ ಆಗುವ ನಷ್ಟವು ಬಕೀಟಿನ ಬೆಲೆಯಷ್ಟಕ್ಕೇ ನಿಲ್ಲುವುದಿಲ್ಲವೆಂಬುದನ್ನು ಜಮೀನುದಾರರಿಗೂ ಗ್ರಾಮದ ಯಜಮಾನರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಸೀಮೆಯಲ್ಲಿ ಕುದುರೆಗಳು ಹಿಂದಿನಷ್ಟು ಇಲ್ಲವೆಂಬುದು ನಿಜ. ಆದರೂ ಮೈಸೂರಿನಲ್ಲಿ ಟಾಂಗಾ ಗಾಡಿಗಳು ಇನ್ನೂ ಓಡುತ್ತಿವೆ. ಸವಾರಿಗೂ ಜಾತ್ರೆ ಮೆರವಣಿಗೆಗಳಿಗೂ ಒಂದೆರಡು ಕುದುರೆಗಳನ್ನು ಕಟ್ಟಿರುವ ಮನೆಗಳು ಹಳ್ಳಿಗಳಲ್ಲಿಯೂ ಉಂಟು. ಲಾಯಕ್ಕೆ ಹೇಳಿದ ಮಾತುಗಳಲ್ಲಿ ಬಹುಪಾಲು ದನದ ಕೊಟ್ಟಿಗೆಗೂ ಸಲ್ಲುತ್ತವೆ.

ಕೆಲವು ವರ್ಷಗಳ ಹಿಂದೆ ನಾನು ಸರ್ಕೀಟಿನ ಮೇಲೆ ಹೋಗಿದ್ದ ಒಂದು ಗ್ರಾಮದಲ್ಲಿ ಒಬ್ಬ ಜಮೀನುದಾರರ ಹೆಣ್ಣುಕುದುರೆಯು ಹೊಟ್ಟೆನೋವಿನಿಂದ ನೆಲದ ಮೇಲೆ ಹೊರಳಾಡುತ್ತಿದ್ದಿತು. ಬೇಸಗೆಯ ಕಾಲ, ಒಣ ಹುಲ್ಲಲ್ಲದೆ ಬೇರೆ ಮೇವಿರಲಿಲ್ಲ. ಪಶುವೈದ್ಯರು ಬಂದು ನೋಡಿ, ನೀರು ಸಾಲದೆ ಕರುಳಿನಲ್ಲಿ ಮೇವು ಗಟ್ಟಿಕಟ್ಟಿದೆಯೆಂದರು. ಪ್ರತಿ ರಾತ್ರಿಯೂ ಬಕೀಟು ತುಂಬ ನೀರಿಡುತ್ತಿದ್ದೆವೆಂದು ಮನೆಯವರು ಹೇಳಿದ್ದು ಸುಳ್ಳಲ್ಲ. ಆದರೆ ಬಕೀಟಿನ ತಳದಲ್ಲಿ ಎಳ್ಳುಕಾಳಿನಷ್ಟು ತೂತು ಬಿದ್ದು, ನೀರು ಗೊತ್ತಾಗದ ಹಾಗೆ ಹುಲ್ಲಿನ ಹಾಸಿಗೆಗೆ ಇಳಿದುಹೋಗುತ್ತಿದ್ದಿತು. ಬರಿದಾದ ಬಕೀಟನ್ನು ಬೆಳಿಗ್ಗೆ ಕಂಡು, ಕುದುರೆಯು ಚೆನ್ನಾಗಿ ನೀರು ಕುಡಿದಿದೆಯೆಂದು ಎಲ್ಲರೂ ಸಂತೋಷಪಡುತ್ತಿದ್ದರು. ಮೂರನೆಯ ದಿನ ಸಂಜೆ ಕುದುರೆಯು ಸತ್ತಿತು. ಯಜಮಾನರು ಆ ಬಕೀಟನ್ನು ನನ್ನ ಮುಂದಿಟ್ಟು, "ಸ್ವಾಮಿ, ಇದಕ್ಕೆ ಬೆಸುಗೆ ಹಾಕಿಸಬೇಕೆಂದು ಮೂರು ಸಂತೆಗಳಿಂದ ಅಂದುಕೊಳ್ಳುತ್ತಲೇ ಇದ್ದೆ" ಎಂದರು. ನಾನು ಪ್ರತಿಯಾಗಿ ಏನನ್ನೂ ಹೇಳಲಾರದೆ ಹೋದೆನು.

ಇದರ ಲೆಕ್ಕವನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಬೆಳೆದ ಕುದುರೆಗೆ ದಿನಕ್ಕೆ ಸುಮಾರು 25 ರಿಂದ 45 ಲೀಟರು ನೀರು ಬೇಕು. ಸೆಕೆಯಲ್ಲಿಯೂ ದುಡಿಮೆಯಲ್ಲಿಯೂ ಇನ್ನೂ ಹೆಚ್ಚು. ತೂತಿನಿಂದ 10 ನಿಮಿಷಕ್ಕೆ ಕಾಲು ಲೀಟರು ಸೋರಿದರೆ ಗಂಟೆಗೆ ಒಂದೂವರೆ ಲೀಟರಾಯಿತು. 10 ಗಂಟೆಗಳಲ್ಲಿ 15 ಲೀಟರು, ಎಂದರೆ ಒಂದು ದೊಡ್ಡ ಬಕೀಟೇ ಬರಿದಾಯಿತು.

ಬಕೀಟು ಏತಕ್ಕೆ ತೂತು ಬೀಳುತ್ತದೆ? ಪೇಟೆಯಲ್ಲಿ ಸಿಕ್ಕುವ ತಗಡಿನ ಬಕೀಟು ಕಬ್ಬಿಣದ್ದು. ಅದರ ಮೇಲೆ ಸತುವಿನ ಲೇಪವಿರುತ್ತದೆ. ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಕಾಪಾಡುತ್ತದೆ. ಲೇಪವು ಇರುವವರೆಗೆ ಬಕೀಟಿಗೆ ಭಯವಿಲ್ಲ. ಅದು ಹೋದ ಮೇಲೆ ತುಕ್ಕು ಬಹು ಬೇಗ ಹರಡುತ್ತದೆ. ಆದಕಾರಣ ಬಕೀಟನ್ನು ಕಾಪಾಡುವುದೆಂದರೆ ಈ ಲೇಪವನ್ನು ಕಾಪಾಡುವುದೆಂದೇ ಅರ್ಥ. ನಮ್ಮ ಮನೆಗಳಲ್ಲಿ ಇದನ್ನು ಕೆಡಿಸುವ ಅಭ್ಯಾಸಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಹಿತ್ತಾಳೆಯ ಬಿಂದಿಗೆಯ ಹಾಗೆ ಬಕೀಟನ್ನೂ ಹುಣಿಸೆಹಣ್ಣು ಮತ್ತು ಮರಳಿನಿಂದ ಉಜ್ಜುವುದು. ಹುಣಿಸೆಯ ಹುಳಿಯು ಹಿತ್ತಾಳೆಗೆ ಹೊಳಪನ್ನು ಕೊಡುತ್ತದೆ, ಸತುವನ್ನಾದರೋ ತಿಂದುಹಾಕುತ್ತದೆ. ಬಕೀಟಿಗೆ ತೆಂಗಿನ ನಾರು ಮತ್ತು ಬರಿಯ ನೀರು ಸಾಕು.

ಎರಡನೆಯದು, ಬೇಯಿಸಿದ ಹುರುಳಿಯನ್ನು ರಾತ್ರಿಯೆಲ್ಲಾ ಅದರಲ್ಲಿಯೇ ಬಿಡುವುದು. ಹುರುಳಿಯು ಹುಳಿತು ಸತುವನ್ನು ಕರಗಿಸುತ್ತದೆ. ಕರಗಿದ ಸತುವು ಮೇವಿನೊಡನೆ ಕುದುರೆಯ ಹೊಟ್ಟೆಗೆ ಸೇರುತ್ತದೆ. ಹೆಚ್ಚಾದ ಸತುವು ಮರಿಗಳ ಕೀಲುಗಳಿಗೆ ಕೇಡು. ಹುರುಳಿಗೆ ಬೇರೆ ಪಾತ್ರೆಯನ್ನಿಟ್ಟು, ಕುದುರೆಯು ತಿಂದೊಡನೆ ಅದನ್ನು ತೊಳೆಯತಕ್ಕದ್ದು.

ಮೂರನೆಯದು, ಲಾಯದ ಬಕೀಟನ್ನು ಸುಣ್ಣ ಕಲಸಲೂ ಗೊಬ್ಬರ ಕರಗಿಸಲೂ ಔಷಧಿ ಹೊಡೆಯಲೂ ಒಯ್ಯುವುದು. ಮೈಸೂರು ಸಂಸ್ಥಾನದ ವ್ಯವಸಾಯದ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್‌ರವರು ಶತಮಾನಕ್ಕೂ ಹಿಂದೆ ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದುದನ್ನು ಮಲೆನಾಡಿನ ತೋಟಗಾರರು ಬಲ್ಲರು. ಅದರಲ್ಲಿನ ಮೈಲುತುತ್ತವನ್ನು ಕಬ್ಬಿಣದ ಅಥವಾ ಸತುವಿನ ಪಾತ್ರೆಯಲ್ಲಿ ಕರಗಿಸಿದರೆ ತಾಮ್ರವು ಪಾತ್ರೆಗೆ ಕಟ್ಟಿಕೊಂಡು, ಔಷಧಿಯೂ ಕೆಡುತ್ತದೆ, ಪಾತ್ರೆಯೂ ತೂತಾಗುತ್ತದೆ. ಕೀಟನಾಶಕಗಳ ಮಾತಂತೂ ಹೇಳಬೇಕಾದುದೇ ಇಲ್ಲ: ಅವುಗಳನ್ನು ಕಲಸಿದ ಪಾತ್ರೆಯಲ್ಲಿ, ಎಷ್ಟು ತೊಳೆದರೂ, ಪ್ರಾಣಿಗೆ ನೀರಿಡಲೇಕೂಡದು.

ನಾಲ್ಕನೆಯದು, ಬಕೀಟನ್ನು ಗಂಜಲ ನೆನೆದ ನೆಲದ ಮೇಲಿಡುವುದು. ತಳವು ಮೊದಲು ಹೋಗುವುದಕ್ಕೆ ಇದೇ ಕಾರಣ. ಬಕೀಟನ್ನು ಚಪ್ಪಡಿ ಕಲ್ಲಿನ ಮೇಲಿಡಬಹುದು. ಕುದುರೆಯ ಎದೆಯ ಮಟ್ಟಕ್ಕೆ ಗೋಡೆಯಲ್ಲಿ ತೂಗುಹಾಕುವುದು ಇನ್ನೂ ಉತ್ತಮ. ತೂಗುಹಾಕುವ ಕೊಕ್ಕೆಯ ಮೊನೆಯು ಹೊರಗೆ ಚಾಚಿರಬಾರದು. ಹಿಡಿಯ ಕಂಬಿಯು ಗೋಡೆಯ ಕಡೆಗಿರಬೇಕು. ಕಿತ್ತ ಕಿವಿಯಿಂದಲೂ ಹರಿದ ಅಂಚಿನಿಂದಲೂ ಕುದುರೆಗಳ ಮೂತಿ, ಕಣ್ಣು, ಕಾಲುಗಳಿಗೆ ಗಾಯವಾಗುವುದುಂಟು.

ಪ್ಲಾಸ್ಟಿಕ್ಕಿನ ಬಕೀಟಿಗೆ ತುಕ್ಕು ಹಿಡಿಯುವುದಿಲ್ಲ. ಅದರ ಶತ್ರು ಬಿಸಿಲು. ಬಿಸಿಲಿನಲ್ಲಿ ಬಿದ್ದ ಪ್ಲಾಸ್ಟಿಕ್ಕು ಬಣ್ಣಗೆಟ್ಟು, ಗಡುಸಾಗಿ, ಒಂದು ಒದೆತಕ್ಕೆ ಚೂರಾಗುತ್ತದೆ. ಮಸಿಯ ಪುಡಿ ಬೆರೆತ ಕಪ್ಪು ಪ್ಲಾಸ್ಟಿಕ್ಕು ಬಿಸಿಲನ್ನು ಹೆಚ್ಚು ತಡೆಯುತ್ತದೆ. ಕೊಳ್ಳುವಾಗ ಹಿಡಿಯನ್ನು ಸಿಕ್ಕಿಸುವ ಕಿವಿಗಳನ್ನು ನೋಡಬೇಕು: 15 ಲೀಟರು ನೀರೆಂದರೆ 15 ಕಿಲೋ ತೂಕ; ಅಷ್ಟೂ ಆ ಎರಡು ಕಿವಿಗಳ ಮೇಲೆ ನಿಲ್ಲುತ್ತದೆ. ಲದ್ದಿಯನ್ನು ಹೊರಲು ಗಾರೆ ಕೆಲಸದವರ ರಬ್ಬರು ಬಾಂಡ್ಲಿಯು ತಕ್ಕದ್ದು. ತುಳಿದರೆ ಬಗ್ಗುತ್ತದೆಯೇ ಹೊರತು ಒಡೆಯುವುದಿಲ್ಲ.

ಉಳಿದ ಸಾಮಾನುಗಳಿಗೂ ಇದೇ ನ್ಯಾಯ. ಗಂಜಲದಿಂದ ಏಳುವ ಘಾಟು ಚರ್ಮವನ್ನೂ ಹೊಲಿಗೆಯ ದಾರವನ್ನೂ ಕೆಡಿಸುವುದರಿಂದ ಜೀನು, ಲಗಾಮು, ಪಟ್ಟಿಗಳನ್ನು ಲಾಯದೊಳಗೆ ತೂಗುಹಾಕಬಾರದು. ಬೆವರನ್ನು ಒದ್ದೆ ಬಟ್ಟೆಯಿಂದ ಒರಸಿ, ನೆರಳಿನಲ್ಲಿ ಒಣಗಿಸಿ, ಹರಳೆಣ್ಣೆಯನ್ನು ತೆಳ್ಳಗೆ ಸವರಬೇಕು. ಸನಿಕೆಯನ್ನು ಲದ್ದಿಯ ರಾಶಿಯಲ್ಲಿ ಚುಚ್ಚಿ ಬಿಡದೆ ತೊಳೆದು ಒಣಗಿಸಿಡಬೇಕು. ಹಗ್ಗವು ಸವೆಯುವುದು ಗಂಟಿನ ಬಳಿ. ಅಲ್ಲಿ ಎಳೆಗಳು ಕಿತ್ತಿದ್ದರೆ ಇಡೀ ಹಗ್ಗವು ಹೊಸದಾಗಿ ಕಂಡರೂ ನಂಬತಕ್ಕದ್ದಲ್ಲ.

ಇನ್ನೊಂದು ಸಂಗತಿಯು ಇಡೀ ಗ್ರಾಮಕ್ಕೆ ಸಂಬಂಧಿಸಿದ್ದು. ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ಎಂಬ ಕ್ರೂರವಾದ ಅಂಟುರೋಗವು ರೋಗಿಯ ಮೂಗಿನ ಸಿಂಬಳ ಬಿದ್ದ ನೀರು, ಮೇವು, ಪಾತ್ರೆಗಳ ಮೂಲಕ ಹರಡುತ್ತದೆ, ಮನುಷ್ಯರಿಗೂ ತಗಲುತ್ತದೆ. ಆದಕಾರಣ ಒಂದು ಕುದುರೆಗೆ ಒಂದೇ ಬಕೀಟು. ಗುರುತು ಹಾಕಿಡುವುದು ಒಳ್ಳೆಯದು. ಊರ ಬಾವಿಯ ಬಳಿಯ ಕಲ್ಲಿನ ಬಾನಿಯು ನೂರು ವರ್ಷ ಬಾಳಬಹುದು. ಆದರೆ ಮೂಗು ಸುರಿಯುವ ಒಂದು ಪ್ರಾಣಿಯು ಮೂತಿಯಿಟ್ಟರೆ ಅದೇ ರೋಗದ ಮೂಲವಾದೀತು. ಯಜಮಾನರು ವಾರಕ್ಕೊಮ್ಮೆಯಾದರೂ ಬಾನಿಯನ್ನು ಬರಿದುಮಾಡಿಸಿ ಉಜ್ಜಿಸಬೇಕು. ಅಂತಹ ಕುದುರೆಯು ಕಂಡುಬಂದರೆ ಬೇರೆ ಕಟ್ಟಿಸಿ, ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು. ಪ್ರಾಣಿಗಳ ಅಂಟುರೋಗಗಳನ್ನು ಕುರಿತ 2009ರ ಕೇಂದ್ರ ಕಾನೂನಿನ ಪ್ರಕಾರ ಇಂತಹ ರೋಗವನ್ನು ವರದಿಮಾಡುವುದು ಮಾಲೀಕರ ಕರ್ತವ್ಯವೂ ಹೌದು.

ಇಷ್ಟಕ್ಕೆಲ್ಲ ಹಣವಾಗಲಿ ಹೆಚ್ಚಿನ ಕಾಲವಾಗಲಿ ಬೇಡ. ಎತ್ತಿಗೆ ನೊಗ ಹೂಡದ ದಿನ, ಸೋಮವಾರವಾಗಲಿ ಅಮಾವಾಸ್ಯೆಯಾಗಲಿ, ಅರ್ಧ ಗಂಟೆಯ ಕೆಲಸ. ಬರಿಯ ಬಕೀಟನ್ನು ಸೂರ್ಯನ ಬೆಳಕಿಗೆ ಹಿಡಿದು ಒಳಗಿನಿಂದ ನೋಡಿರಿ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಕಾಣುತ್ತದೆ. ಬಳಿಕ ನೀರು ತುಂಬಿ ಒಣಗಿದ ಕಲ್ಲಿನ ಮೇಲೆ ಒಂದು ಗಂಟೆಯ ಕಾಲ ಇಡಿರಿ; ಎತ್ತಿದಾಗ ಕಲ್ಲು ಒದ್ದೆಯಾಗಿದ್ದರೆ ಆ ಬಕೀಟು ಅಂದಿನಿಂದ ಕುದುರೆಗೆ ಬೇಡ. ಸುತ್ತಲ ತಗಡು ಗಟ್ಟಿಯಾಗಿದ್ದರೆ ಸೀಸ ಬೆರೆಯದ ಬೆಸುಗೆ ಹಾಕಿಸಿರಿ. ತಳವೆಲ್ಲ ತುಕ್ಕಾಗಿದ್ದರೆ ತೇಪೆಯು ನಿಲ್ಲುವುದಿಲ್ಲ, ಲದ್ದಿ ಹೊರಲು ಇಟ್ಟುಕೊಳ್ಳಿರಿ.

ಆಯುಧಪೂಜೆಯ ದಿನ ಉಪಕರಣಗಳನ್ನೆಲ್ಲ ತೊಳೆದು ಅರಿಸಿನ ಕುಂಕುಮವಿಟ್ಟು ಕೈಮುಗಿಯುವವರು ನಾವು. ವರ್ಷದಲ್ಲಿ ಒಂದು ದಿನ ಸಲ್ಲುವ ಆ ಮರ್ಯಾದೆಯಲ್ಲಿ ಸ್ವಲ್ಪ ಭಾಗವು ತಿಂಗಳಿಗೊಮ್ಮೆ ಲಾಯದ ಬಕೀಟಿಗೂ ಸಂದರೆ, ಮುಂದಿನ ಸಂತೆಗೆ ನೋಡೋಣವೆಂದು ಬಿಟ್ಟ ಎಳ್ಳುಕಾಳಿನಷ್ಟು ತೂತಿಗೆ ಇನ್ನೊಂದು ಕುದುರೆಯನ್ನು ಕಳೆದುಕೊಳ್ಳಬೇಕಾಗಿ ಬಾರದು.