ಬೂಷ್ಟಿಗೆ ಗೊತ್ತಿರುವ ಅಡುಗೆ

ಬಂಗಾರಪೇಟೆಯಲ್ಲಿ ಬ್ರೆಡ್ಡು ಕೊಂಡ ತಾತ, ಮಾರಿಕುಪ್ಪಂ ರೈಲು ಹತ್ತಿ ಕೆ.ಜಿ.ಎಫ್.ನ ಮನೆಗೆ ಬಂದರು ಎಂದುಕೊಳ್ಳಿ. ನಾಲ್ಕು ದಿನ ಮರೆತರೆ ಆ ಬ್ರೆಡ್ಡಿಗೆ ಬೂಷ್ಟು ಹಿಡಿಯುತ್ತದೆ. "ತಿನ್ನಬೇಡ, ಬಿಸಾಕು" ಎನ್ನುತ್ತಾರೆ ಅಜ್ಜಿ. ಸರಿಯಾದ ಮಾತು. ಆದರೆ ಈ ಬೂಷ್ಟು ಜಾಣ ಅಡುಗೆಭಟ್ಟ!

ನಮ್ಮ ಮೈ ಪ್ರೋಟೀನುಗಳಿಂದ ಆಗಿದೆ. ಪ್ರೋಟೀನು ಮಣಿಸರವಾದರೆ ಅದರ ಮಣಿಗಳೇ ಅಮೈನೋ ಆಮ್ಲಗಳು. ಒಟ್ಟು 20 ಬಗೆ. ನ್ಯೂರೋಸ್ಪೊರ ಎಂಬ ಕಿತ್ತಳೆ ಬಣ್ಣದ ಬೂಷ್ಟಿಗೆ ಸಕ್ಕರೆ, ಒಂದಿಷ್ಟು ಲವಣ, ಬಯೋಟಿನ್ ಎಂಬ ಒಂದು ವಿಟಮಿನ್ ಕೊಟ್ಟರೆ ಸಾಕು, ಇಪ್ಪತ್ತನ್ನೂ ತಾನೇ ತಯಾರಿಸಿಕೊಳ್ಳುತ್ತದೆ. ಇದು ನಮ್ಮ ರಾಜ್ಯದಲ್ಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಮಹೇಶ್ವರಿ ಅವರು ಬೆಂಕಿ ಹಾಕಿದ ಕಬ್ಬಿನ ಗದ್ದೆಯಲ್ಲಿ ಇದರ ಬದುಕನ್ನು ಅಧ್ಯಯನ ಮಾಡಿದರು.

1941ರಲ್ಲಿ ಅಮೆರಿಕದ ಬೀಡಲ್ ಮತ್ತು ಟೇಟಮ್ ಈ ಬೂಷ್ಟಿಗೆ ಎಕ್ಸ್‌ರೇ ಹಾಯಿಸಿ ಕೆಲವು ಜೀನ್‌ಗಳನ್ನು ಕೆಡಿಸಿದರು. ಒಂದು ಜೀನ್ ಕೆಟ್ಟರೆ ಅಡುಗೆಯ ಒಂದು ಹಂತ ನಿಲ್ಲುತ್ತಿತ್ತು. ಕೊರತೆಯಾದ ಪದಾರ್ಥವನ್ನು ಹೊರಗಿನಿಂದ ಕೊಟ್ಟರೆ ಬೂಷ್ಟು ಮತ್ತೆ ಬೆಳೆಯುತ್ತಿತ್ತು. ಜೀನ್ ಮಾಡುವ ಕೆಲಸವೇನೆಂದು ತೋರಿಸಿದ ಇವರಿಗೆ 1958ರಲ್ಲಿ ನೊಬೆಲ್ ಬಹುಮಾನ ಬಂತು.

ಇಪ್ಪತ್ತು ಒಲೆಗಳನ್ನೂ ಸದಾ ಜೋರಾಗಿ ಉರಿಸಿದರೆ ಸೌದೆ ದಂಡವಲ್ಲವೇ? ಬೂಷ್ಟು ಹಾಗೆ ಮಾಡುವುದಿಲ್ಲ. ಗಣಿಯ ಆಳದಿಂದ ಅದಿರಿನ ಡಬ್ಬಿ ಖಾಲಿ ಬಂದರೆ ಮೇಲಿದ್ದವರಿಗೆ ಕೊರತೆ ತಿಳಿಯುತ್ತದೆ. ಜೀವಕೋಶದಲ್ಲೂ ಅಮೈನೋ ಆಮ್ಲ ಹೊರುವ ಪುಟ್ಟ ಅಣುಗಳಿವೆ. ಅವು ಬರಿಗೈಲಿ ಉಳಿದರೆ ಅದೇ ಎಚ್ಚರಿಕೆ. ಆಗ ಸಿಪಿಸಿ-1 ಎಂಬ ಮೇಸ್ತ್ರಿ ಪ್ರೋಟೀನು ಹೆಚ್ಚಾಗಿ ಹುಟ್ಟಿ, ಅಡುಗೆಯ ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಸೋಜಿಗವೆಂದರೆ, ಕಡಿಮೆಯಾದದ್ದು ಒಂದೇ ಆದರೂ ಬೇರೆ ಹಲವು ಒಲೆಗಳೂ ಜೋರಾಗುತ್ತವೆ! ಕೊರತೆ ನೀಗಿದರೆ ಉರಿ ತಗ್ಗುತ್ತದೆ.

ನಮ್ಮ ಜೀವಕೋಶಗಳಲ್ಲೂ ಇಂಥದೇ ಎಚ್ಚರಿಕೆಯ ಗಂಟೆ ಇದೆ. ಆದರೆ 9 ಅಮೈನೋ ಆಮ್ಲಗಳಿಗೆ ನಮ್ಮಲ್ಲಿ ಒಲೆಯೇ ಇಲ್ಲ. ಗಂಟೆ ಎಷ್ಟು ಬಾರಿಸಿದರೂ ಅವು ಊಟದಿಂದಲೇ ಬರಬೇಕು. ಅವುಗಳಲ್ಲಿ ಒಂದಾದ ಲೈಸಿನ್ ರಾಗಿಯಲ್ಲಿ ಕಡಿಮೆ, ಅವರೆಯಲ್ಲಿ ಧಾರಾಳ. ಕೋಲಾರದ ಅಜ್ಜಿಯರು ಮುದ್ದೆಗೆ ಅವರೆಕಾಳಿನ ಸಾರು ಜೋಡಿ ಮಾಡಿದ್ದು ಬರೀ ರುಚಿಗಷ್ಟೇ ಒದಗಲಿಲ್ಲ.

ಮಕ್ಕಳೇ, ಇವತ್ತು ಸಾರಿನ ಕಾಳನ್ನು ತಟ್ಟೆಯಂಚಿಗೆ ಸರಿಸಬೇಡಿ. ಬೂಷ್ಟಿಗೆ ಬರುವ ಆ ಅಡುಗೆ ನಮಗೆ ಬರುವುದಿಲ್ಲ!