ಕ್ಷಣಕಾಲದ ಮೈಮರೆವು

ತರಗತಿಯಲ್ಲಿ ಪಾಠವನ್ನು ಓದುತ್ತಿರುವ ಬಾಲಕಿಯೊಬ್ಬಳು ವಾಕ್ಯದ ನಡುವೆ ತಟಕ್ಕನೆ ನಿಲ್ಲುತ್ತಾಳೆ. ಅವಳ ದೃಷ್ಟಿ ಎತ್ತಲೋ ನೆಡುತ್ತದೆ. ರೆಪ್ಪೆಗಳು ಸಣ್ಣಗೆ ಅದುರುತ್ತವೆ. ಹೆಸರು ಹಿಡಿದು ಕರೆದರೂ ಓಗೊಡಳು. ಹತ್ತು ಸೆಕೆಂಡು ಕಳೆಯುವಷ್ಟರಲ್ಲಿ, ಏನೂ ನಡೆಯಲಿಲ್ಲವೆಂಬಂತೆ ಓದನ್ನು ಮುಂದುವರಿಸುತ್ತಾಳೆ. ದಿನಕ್ಕೆ ಹತ್ತಾರು ಬಾರಿ ಹೀಗಾಗುವ ಮಕ್ಕಳನ್ನು ಹಗಲುಗನಸಿನವರೆಂದೂ ಸೋಮಾರಿಗಳೆಂದೂ ಹಿರಿಯರು ಗದರಿಸುವುದುಂಟು. ಆದರೆ ಇದು ಅಪಸ್ಮಾರದ ಒಂದು ಬಗೆ. ಸೆಳೆತವಾಗಲಿ ನೆಲಕ್ಕುರುಳುವುದಾಗಲಿ ಇಲ್ಲದಿರುವುದರಿಂದಲೇ ಇದು ಬಹುಕಾಲ ಗುರುತಿಗೆ ಸಿಕ್ಕದೆ ಉಳಿಯುತ್ತದೆ. ಸಾಮಾನ್ಯವಾಗಿ ನಾಲ್ಕರಿಂದ ಹತ್ತು ವರ್ಷ ವಯಸ್ಸಿನೊಳಗೆ ಇದು ತಲೆದೋರುತ್ತದೆ. ಪ್ರಾಯಕ್ಕೆ ಬರುವ ವೇಳೆಗೆ ಅನೇಕರಲ್ಲಿ ತಾನಾಗಿಯೇ ಮಾಯವಾಗುತ್ತದೆ. ಗದರಿಕೆ ಮಾತ್ರ ಅಷ್ಟು ಬೇಗ ಮನಸ್ಸಿನಿಂದ ಮಾಸುವುದಿಲ್ಲ.

ಜರ್ಮನಿಯ ಹ್ಯಾನ್ಸ್ ಬರ್ಗರ್ ಎಂಬ ವೈದ್ಯರು 1924ರಲ್ಲಿ ಮಾನವನ ಮೆದುಳಿನ ವಿದ್ಯುದಲೆಗಳನ್ನು ಮೊತ್ತಮೊದಲು ದಾಖಲಿಸಿದರು. 1935ರಲ್ಲಿ ಬಾಸ್ಟನ್ ನಗರದ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ಎಂಬುವರು ಈ ಮೈಮರೆವಿನ ಗುರುತನ್ನು ಆ ಅಲೆಗಳಲ್ಲಿ ವಿವರಿಸಿದರು. ಮೊನಚಾದ ಒಂದು ಶಿಖರ, ಅದರ ಬೆನ್ನಿಗೆ ದುಂಡನೆಯ ಒಂದು ಅಲೆ. ಈ ಜೋಡಿ ಸೆಕೆಂಡಿಗೆ ಸುಮಾರು ಮೂರು ಬಾರಿ ಮರುಕಳಿಸುತ್ತದೆ. ಮೆದುಳಿನ ಒಳಭಾಗದ ಥ್ಯಾಲಮಸ್ಸಿಗೂ ಹೊರಪದರಕ್ಕೂ ನಡುವೆ ಸಂಕೇತಗಳು ಒಂದೇ ಲಯದಲ್ಲಿ ಸಿಲುಕಿಕೊಂಡಾಗ ಹೀಗಾಗುತ್ತದೆ. ಮಗುವಿಗೆ ಮೂರು ನಿಮಿಷ ಜೋರಾಗಿ ಉಸಿರಾಡಲು ಹೇಳಿದರೆ, ವೈದ್ಯರ ಕಣ್ಣೆದುರಿಗೇ ಈ ಸ್ಥಿತಿ ಬರುವುದು ಸಾಮಾನ್ಯ.

ಇದರ ಔಷಧಿಗಳ ಕತೆಯಲ್ಲಿ ಒಂದು ವಿಚಿತ್ರ ತಿರುವುಂಟು. ಸ್ವಿಟ್ಜರ್‌ಲೆಂಡಿನ ರೋಲಾಂಡ್ ಕುನ್ ಎಂಬ ವೈದ್ಯರು ಇಮಿಪ್ರಮೀನ್ ಎಂಬ ವಸ್ತು ಮನಸ್ಸಿನ ಖಿನ್ನತೆಯನ್ನು ನೀಗಿಸುವುದೆಂದು 1957ರಲ್ಲಿ ಪ್ರಕಟಿಸಿದರು. ಅದರ ಅಣುವಿನಲ್ಲಿ ಮೂರು ಉಂಗುರಗಳಿರುವುದರಿಂದ ಅದಕ್ಕೂ ಅದರ ಬಳಗಕ್ಕೂ 'ತ್ರಿವಲಯ ಔಷಧಿ'ಗಳೆಂದು ಹೆಸರಾಯಿತು. ಪ್ರಮಾಣ ಮೀರಿದರೆ ಇವು ಸೆಳವನ್ನೇ ಉಂಟುಮಾಡಬಲ್ಲವು. ಹೃದಯದ ಲಯವನ್ನೂ ಕೆಡಿಸಬಲ್ಲವು. ಹಾಗಿದ್ದರೂ 1970ರ ದಶಕದಲ್ಲಿ ಅಮೆರಿಕದ ಫ್ರಾಮ್ ಮತ್ತು ಸಂಗಡಿಗರು ಇಮಿಪ್ರಮೀನನ್ನು ಮೈಮರೆವಿನ ರೋಗಿಗಳಲ್ಲಿ ಪರೀಕ್ಷಿಸಿದರು. ಕೆಲವರಲ್ಲಿ ಸೆಳವುಗಳು ಕಡಿಮೆಯಾದುವು! ಒಂದೇ ವಸ್ತು ಒಂದೆಡೆ ಕಿಡಿ ಹಚ್ಚುವುದು, ಇನ್ನೊಂದೆಡೆ ಕಿಡಿಯನ್ನು ನಂದಿಸುವುದು. ಅಪಸ್ಮಾರವೆಂಬುದು ಒಂದೇ ರೋಗವಲ್ಲ, ಹಲವು ರೋಗಗಳ ಗುಂಪು ಎಂಬ ಮಾತಿಗೆ ಇದು ಪುಷ್ಟಿ ಕೊಡುತ್ತದೆ. ಆದರೂ ಈ ಔಷಧಿ ಮಕ್ಕಳ ಚಿಕಿತ್ಸೆಯಲ್ಲಿ ನೆಲೆಯೂರಲಿಲ್ಲ.

ಥ್ಯಾಲಮಸ್ಸಿನ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಹಾಯುವ ಒಂದು ಬಗೆಯ ದಾರಿಯನ್ನು ತಡೆಯುವ ಎಥೊಸಕ್ಸಿಮೈಡ್ ಅದಕ್ಕಿಂತ ಮೊದಲೇ ಬಳಕೆಗೆ ಬಂದಿತ್ತು. 453 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎಥೊಸಕ್ಸಿಮೈಡ್ ಮತ್ತು ವ್ಯಾಲ್ಪ್ರೊಯೇಟ್ ಹೆಚ್ಚುಕಡಿಮೆ ಸಮಾನ ಫಲ ನೀಡಿದುವು, ಲ್ಯಾಮೊಟ್ರಿಜಿನ್ ಹಿಂದುಳಿಯಿತು. ಆದರೆ ಗಮನಶಕ್ತಿಗೆ ಕುಂದುಂಟಾದ ಮಕ್ಕಳ ಪ್ರಮಾಣ ವ್ಯಾಲ್ಪ್ರೊಯೇಟಿನಲ್ಲಿ ಶೇಕಡಾ 49, ಎಥೊಸಕ್ಸಿಮೈಡಿನಲ್ಲಿ ಶೇಕಡಾ 33. ಓದುವ ಮಕ್ಕಳಿಗೆ ವೈದ್ಯರು ಮೊದಲು ಎಥೊಸಕ್ಸಿಮೈಡನ್ನೇ ಆರಿಸುವುದು ಇದರಿಂದಲೇ.